ದನದ ದಲ್ಲಾಳಿ ಭರಮಪ್ಪ ಕಾರು ಕೊಂಡದ್ದು

ರೋಣದ ಕಡೆಯ ಒಂದು ಹಳ್ಳಿಯಲ್ಲಿ ಭರಮಪ್ಪ ಎಂಬ ದನದ ದಲ್ಲಾಳಿ ಇದ್ದ. ಮೂವತ್ತು ವರ್ಷದಿಂದ ಅವನದು ಅದೇ ಕಸುಬು. ವಾರಕ್ಕೊಂದು ಸಂತೆ, ಸಂತೆಗೊಂದು ಹೊಸ ಸುಳ್ಳು.

ಮುದಿ ಎತ್ತನ್ನು ಹರೆಯದ ಎತ್ತು ಮಾಡುವುದು ಅವನಿಗೆ ಕರಗತವಾದ ವಿದ್ಯೆ. ಗಾಜಿನ ಚೂರಿನಿಂದ ಕೊಂಬು ಹೆರೆದು ಎಣ್ಣೆ ಸವರಿದರೆ ಎತ್ತಿನ ವಯಸ್ಸು ಎರಡು ವರ್ಷ ಇಳಿಯುತ್ತಿತ್ತು. ಬೆಳಿಗ್ಗೆ ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸಿದರೆ ಬಡಕಲು ಎತ್ತಿನ ಪಕ್ಕೆಲುಬು ಮಾಯವಾಗುತ್ತಿತ್ತು. ಕೊಂಡವನು ಊರು ಮುಟ್ಟಿದ ಮೇಲೆ ಎಲುಬು ಮತ್ತೆ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಭರಮಪ್ಪ ಬೇರೆ ಸಂತೆಯಲ್ಲಿರುತ್ತಿದ್ದ.

ಇಷ್ಟೆಲ್ಲ ಬಲ್ಲವನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಲೋಕದ ಜನರೆಲ್ಲ ತನ್ನ ಹಾಗೆಯೇ ಎಂದು ಅವನ ಎಣಿಕೆ. ಚಹಾದಂಗಡಿಗೆ ಹೋದರೆ ಮೊದಲು ಹಾಲಿನ ಪಾತ್ರೆಯಲ್ಲಿ ಇಣುಕುತ್ತಿದ್ದ. ಕ್ಷೌರಕ್ಕೆ ಕೂತರೆ ಹೊಸ ಬ್ಲೇಡಿನ ಕಾಗದವನ್ನು ತಾನೇ ಬಿಚ್ಚಬೇಕು. ಯಾರಾದರೂ ಮದುವೆಗೆ ಕರೆದರೆ, "ಇವ ನನ್ನ ಯಾಕ ಕರದಾ?" ಎಂದು ಎರಡು ದಿನ ಯೋಚಿಸಿ, ಎಲ್ಲರ ಊಟ ಮುಗಿಯುವ ಹೊತ್ತಿಗೆ ಹೋಗುತ್ತಿದ್ದ. "ತಾ ಕಳ್ಳ, ಪರರ ನಂಬ" ಎಂದು ಊರವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ, ಹೊಗಳಿಕೆ ಅಂದುಕೊಂಡ.

ಇಂಥ ಭರಮಪ್ಪ ಈ ಲೋಕದಲ್ಲಿ ನಂಬಿದ್ದು ಒಂದೇ ಜೀವವನ್ನು. ಅದು ಅವನ ಹೆಂಡತಿ ನೀಲವ್ವ. ಆ ನೀಲವ್ವನಿಗೇ ಕಾಯಿಲೆ ಬಂತು. ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಮುಂದೆ ನಾಲ್ಕು ತಾಸು ಮಲಗಬೇಕು. ಯಂತ್ರ ರಕ್ತ ತೊಳೆದು ಕೊಟ್ಟರೆ ಆಕೆಗೆ ಮುಂದಿನ ಮೂರು ನಾಲ್ಕು ದಿನದ ಉಸಿರು. "ಒಂದು ಸಲಾನೂ ತಪ್ಪಿಸಬ್ಯಾಡ್ರಿ. ತಪ್ಪಿಸಿದ್ರ ನೀರು ಎದಿಗೆ ಏರತೈತಿ" ಎಂದು ಡಾಕ್ಟರು ಎಚ್ಚರಿಸಿದ್ದರು.

ಊರಿನಿಂದ ಪಟ್ಟಣಕ್ಕೆ ಒಂದು ತಾಸಿನ ದಾರಿ. ಬಸ್ಸಿಗೆ ಹೊತ್ತು ಗೊತ್ತಿಲ್ಲ. ಬಂದರೆ ಕಾಲಿಡಲು ಜಾಗವಿಲ್ಲ. ಒಂದು ಶುಕ್ರವಾರ ವಾಪಸು ಬರುವಾಗ ಸೀಟು ಸಿಗದೆ ನೀಲವ್ವ ಬಾಗಿಲ ಹತ್ತಿರ ಕುಸಿದು ಕೂತಳು. ಜನರ ಕಾಲುಗಳ ನಡುವೆ ಅವಳ ತಲೆ ಅತ್ತಿತ್ತ ವಾಲುವುದನ್ನು ಭರಮಪ್ಪ ನೋಡಿದ. ಅವತ್ತೇ ನಿರ್ಧಾರ ಮಾಡಿದ. ಒಂದು ಹಳೆಯ ಕಾರಾದರೂ ಸರಿ, ತಗೋಬೇಕು. ಹರೆಯದಲ್ಲಿ ಎತ್ತು ಸಾಗಿಸುವ ಟೆಂಪೋ ಓಡಿಸಿದವನು ಅವನು, ಗಾಡಿ ನಡೆಸುವುದು ಗೊತ್ತಿತ್ತು.

ಆದರೆ ತಗೊಳ್ಳುವುದು ಎಲ್ಲಿ? ಹತ್ತಿರದ ಪಟ್ಟಣಗಳಲ್ಲಿ ಹಳೆ ಕಾರು ಮಾರುವವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಒಬ್ಬನ ಅಪ್ಪ, ಇನ್ನೊಬ್ಬನ ಮಾವ, ಮತ್ತೊಬ್ಬನ ಅಣ್ಣ, ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಭರಮಪ್ಪನ ಕೈಯಿಂದ ಎತ್ತು ಕೊಂಡವರೇ. "ಇವ್ರು ಈಗ ಸೇಡು ತೀರಿಸ್ಕೊಳ್ದ ಬಿಡ್ತಾರೇನು?" ಎಂದು ಅವನು ಲೆಕ್ಕ ಹಾಕಿದ. ನನ್ನ ಗುರುತೇ ಇಲ್ಲದ ಊರಿಗೆ ಹೋಗಬೇಕು, ಅಲ್ಲಿ ಮೋಸ ಮಾಡಲು ಯಾರಿಗೂ ಕಾರಣ ಇರುವುದಿಲ್ಲ ಎಂದು ಘಟ್ಟ ಇಳಿದು ಮಂಗಳೂರಿಗೆ ಹೊರಟ. ಗುರುತಿಲ್ಲದವರಿಗೆ ತಾನು ಎಷ್ಟು ಎತ್ತು ಮಾರಿದ್ದೇನೆ ಎಂಬುದು ಅವನಿಗೆ ಆಗ ನೆನಪಾಗಲಿಲ್ಲ.

ಮಂಗಳೂರಿನ ಬಸ್ ನಿಲ್ದಾಣದಲ್ಲಿ ಇಳಿದು, ಹಳೆ ಕಾರು ಎಲ್ಲಿ ಸಿಗುತ್ತದೆ ಎಂದು ನಾಲ್ಕು ಜನರನ್ನು ಬೇರೆ ಬೇರೆಯಾಗಿ ಕೇಳಿದ. ನಾಲ್ವರೂ ವಾಮನ ಶೆಟ್ಟಿಗಾರ್ ಎಂಬ ಒಂದೇ ಹೆಸರು ಹೇಳಿದರು. ನಾಲ್ವರೂ ಸೇರಿ ಮಾಡಿದ ಸಂಚು ಇದು ಎಂದುಕೊಂಡ ಭರಮಪ್ಪ. ಆದರೂ ಬೇರೆ ಹೆಸರು ಗೊತ್ತಿಲ್ಲದೆ ಅಲ್ಲಿಗೇ ಹೋದ.

ಹೆದ್ದಾರಿಯ ಪಕ್ಕ ತಗಡಿನ ಚಪ್ಪರ, ಅದರ ಕೆಳಗೆ ಇಪ್ಪತ್ತು ಇಪ್ಪತ್ತೈದು ಕಾರು. ಒಂದೊಂದರ ಗಾಜಿನ ಮೇಲೂ ಬೆಲೆ ಬರೆದ ಚೀಟಿ. ಬಿಳಿ ಪಂಚೆ ಉಟ್ಟ ಶೆಟ್ಟಿಗಾರರು ಎದ್ದು ಬಂದರು.

"ಬನ್ನಿ, ಬನ್ನಿ. ಘಟ್ಟದ ಮೇಲಿಂದ ಬಂದ ಹಾಗೆ ಕಾಣ್ತದೆ. ಕೂತ್ಕೊಳ್ಳಿ, ನೀರು ಕುಡೀರಿ. ಗಾಡಿ ಯಾರಿಗೆ? ದಿನಾ ಎಷ್ಟು ದೂರ ಓಡಿಸ್ಲಿಕ್ಕುಂಟು?"

ಇವನಿಗೆ ಯಾಕೆ ಇದೆಲ್ಲ ಎಂದು ಭರಮಪ್ಪನ ಕಿವಿ ನೆಟ್ಟಗಾಯಿತು. ಗಿರಾಕಿಗೆ ಎಷ್ಟು ಗರಜು ಇದೆ ಎಂದು ತಿಳಿದುಕೊಂಡರೆ ತಾನೇ ಬೆಲೆ ಏರಿಸಲು ಆಗುವುದು? ಏನೂ ಹೇಳಬಾರದು ಅಂದುಕೊಂಡ. ಆದರೆ ಮನಸ್ಸಿನಲ್ಲಿ ಕೂತದ್ದು ಬಾಯಿಗೆ ಬಂದೇ ಬಿಟ್ಟಿತು.

"ಮನ್ಯಾಗ ಹೆಣ್ಮಗಳಿಗೆ ಆರಾಮಿಲ್ರಿ. ವಾರಕ್ಕ ಎರಡು ಸಲ ದವಾಖಾನಿಗೆ ಒಯ್ಬೇಕು" ಎಂದು ಹೇಳಿ ನಾಲಿಗೆ ಕಚ್ಚಿಕೊಂಡ.

ಶೆಟ್ಟಿಗಾರರ ಮುಖ ಸಣ್ಣದಾಯಿತು. ನೇರವಾಗಿ ಒಂದು ಬೆಳ್ಳಿ ಬಣ್ಣದ ಕಾರಿನ ಹತ್ತಿರ ಕರೆದುಕೊಂಡು ಹೋದರು. "ಇದು ಒಬ್ರು ಟೀಚರ್ ಓಡಿಸ್ತಿದ್ದದ್ದು. ಸೀಟು ಎತ್ತರ ಉಂಟು, ಹುಷಾರಿಲ್ಲದವರಿಗೆ ಹತ್ತಿ ಇಳೀಲಿಕ್ಕೆ ಸುಲಭ. ಇದರ ಕಷ್ಟ ಸಹ ಹೇಳ್ತೇನೆ, ಕೇಳಿ. ಅಡಿಯಲ್ಲಿ ತುಕ್ಕು ಶುರುವಾಗಿದೆ. ಕಡಲ ಗಾಳಿ ಅಲ್ವಾ ಮಾರಾಯ್ರೆ, ನಮ್ಮಲ್ಲಿ ಎಲ್ಲ ಗಾಡಿಗೂ ಇದ್ದದ್ದೇ. ಎಸಿ ಸ್ವಲ್ಪ ನಿಧಾನ. ಎಡಗಡೆ ಬಾಗಿಲಿಗೆ ಒಮ್ಮೆ ಪೇಂಟ್ ಆಗಿದೆ. ಇಂಜಿನ್ ಮಾತ್ರ ಗಟ್ಟಿ ಉಂಟು."

ಭರಮಪ್ಪ ಒಳಗೊಳಗೇ ನಕ್ಕ. ಈ ಆಟ ಅವನಿಗೆ ಹೊಸದಲ್ಲ. ಸಂತೆಯಲ್ಲಿ ಅವನೂ ಹೀಗೇ, "ಈ ಎತ್ತಿನ ಕೊಂಬು ತುಸು ಡೊಂಕು ಐತ್ರಿ, ನಾನ ಮೊದಲ ಹೇಳ್ತೀನಿ" ಅನ್ನುತ್ತಿದ್ದ. ಗಿರಾಕಿ ಕೊಂಬು ನೋಡುತ್ತ ನಿಂತಾಗ ಎತ್ತಿನ ಕುಂಟುಕಾಲು ಮರೆಯಾಗುತ್ತಿತ್ತು. ಇವನು ಮೂರು ಸಣ್ಣ ದೋಷ ಹೇಳಿದ್ದಾನೆ ಅಂದರೆ ನಾಲ್ಕನೆಯದು ಎಷ್ಟು ದೊಡ್ಡದಿರಬೇಕು!

"ಸಂಶಯ ಇದ್ರೆ ನಿಮಗೆ ಬೇಕಾದ ಗ್ಯಾರೇಜಿಗೆ ತಗೊಂಡು ಹೋಗಿ. ಮೇಲೆ ಎತ್ತಿಸಿ ಅಡಿಯೆಲ್ಲ ನೋಡಿ. ಮ್ಯಾಟ್ ತೆಗೆದು ನೋಡಿ. ಸಂಜೆ ತನಕ ನಿಮ್ಮ ಹತ್ರವೇ ಇರಲಿ" ಎಂದರು ಶೆಟ್ಟಿಗಾರರು.

ಇಷ್ಟು ಧೈರ್ಯ ಎಲ್ಲಿಂದ ಬಂತು? ಊರಿನ ಗ್ಯಾರೇಜುಗಳೆಲ್ಲ ಇವನ ಕಡೆಯವೇ ಇರಬೇಕು. ಭರಮಪ್ಪ ಕಾರಿನ ಬಾಗಿಲನ್ನೂ ತೆಗೆಯಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಕಾರಿಗಿಂತ ಹೆಚ್ಚಾಗಿ ಶೆಟ್ಟಿಗಾರರ ಮುಖವನ್ನೇ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದೆಸಿ ಆ ಕೈಯನ್ನು ಅವರ ಮುಂದೆ ಚಾಚಿದ.

ದನದ ಸಂತೆ ಕಂಡವರಿಗೆ ಇದು ಗೊತ್ತು. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಕೊಳ್ಳುವವನೂ ಮಾರುವವನೂ ಒಬ್ಬರ ಬೆರಳು ಒಬ್ಬರು ಹಿಡಿದು, ಬೆರಳಿನ ಲೆಕ್ಕದಲ್ಲೇ ವ್ಯಾಪಾರ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಒಂದೂ ತಿಳಿಯಬಾರದು.

ಶೆಟ್ಟಿಗಾರರಿಗೆ ಈ ಪದ್ಧತಿ ಎಲ್ಲಿಂದ ಗೊತ್ತಿರಬೇಕು? ಟವೆಲ್ ಸುತ್ತಿದ ಕೈ ನೋಡಿ ಗಾಬರಿಯಾದರು. "ಅಯ್ಯೋ, ಕೈಗೆ ಎಂತ ಆಯ್ತು ಮಾರಾಯ್ರೆ? ಗಾಯವಾ? ಡೆಟ್ಟಾಲ್ ತರಿಸ್ಲಾ?"

ಭರಮಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಟವೆಲ್ಲಿನಡಿ ಕೈ ಕೊಡದವನು ವ್ಯಾಪಾರಸ್ಥನೇ ಅಲ್ಲ ಎಂದು ಅವನ ಮನಸ್ಸು ಹೇಳಿತು. "ಬೆಲೆ ಅಲ್ಲಿ ಬರೆದದ್ದೇ. ಎಲ್ಲರಿಗೂ ಒಂದೇ" ಎಂದು ಶೆಟ್ಟಿಗಾರರು ಚೀಟಿ ತೋರಿಸಿದಾಗಂತೂ ಅನುಮಾನ ಇನ್ನಷ್ಟು ಬಲಿಯಿತು. ಎಲ್ಲರಿಗೂ ಒಂದೇ ಬೆಲೆ ಅನ್ನುವ ವ್ಯಾಪಾರವನ್ನು ಅವನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ಶೆಟ್ಟಿಗಾರರು ಒಳಗಿದ್ದ ಮೆಕ್ಯಾನಿಕ್ ಲ್ಯಾನ್ಸಿಯನ್ನು ಕೂಗಿ ತುಳುವಿನಲ್ಲಿ ಏನೋ ಹೇಳಿದರು. ಲ್ಯಾನ್ಸಿ ಭರಮಪ್ಪನ ಕಡೆ ತಿರುಗಿ ನೋಡಿ ತಲೆಯಾಡಿಸಿದ.

ಅವರು ಹೇಳಿದ್ದು ಇಷ್ಟೇ: "ಇವರ ಮನೆಯಲ್ಲಿ ರೋಗಿ ಇದ್ದಾರಂತೆ. ತಗೊಂಡ್ರೆ ಹೊಸ ಬ್ಯಾಟರಿ ಹಾಕಿ ಕೊಡು. ದಾರಿಯಲ್ಲಿ ಗಾಡಿ ನಿಲ್ಲಬಾರದು."

ಭರಮಪ್ಪನಿಗೆ ತುಳು ಬಾರದು. ಸಂತೆಯ ದಲ್ಲಾಳಿಗಳಿಗೂ ಒಂದು ಗುಟ್ಟಿನ ಭಾಷೆ ಇದೆ. ಗಿರಾಕಿಯ ಎದುರಲ್ಲೇ ನಿಂತು, ಇವನನ್ನು ಹೇಗೆ ಸುಲಿಯೋಣ ಎಂದು ಮಾತಾಡಿಕೊಳ್ಳಲು ಅವರೇ ಮಾಡಿಕೊಂಡದ್ದು. ಇದೂ ಅದೇ ಎಂದು ಅವನು ತೀರ್ಮಾನಿಸಿದ. "ಚಾ ಕುಡದು ಬರ್ತೀನ್ರಿ" ಎಂದವನೇ ರಸ್ತೆ ದಾಟಿ ಎದುರಿನ ಗೂಡಂಗಡಿಗೆ ಹೋದ.

ಅಲ್ಲಿ ಒಬ್ಬ ಬೀಡಿ ಸೇದುತ್ತ ಕೂತಿದ್ದ. ಭರಮಪ್ಪ ಚಹಾ ಕೇಳಿದ್ದೇ ತಡ, ಅವನ ಮುಖ ಅರಳಿತು.

"ಯಾವ ಊರ್ರೀ ಕಾಕಾ? ಮಾತು ಕೇಳಿದ್ರ ನಮ್ಮ ಕಡ್ಯಾವ್ರು ಅನಸ್ತೈತಿ."

ಬೆಳಗಿನಿಂದ "ಉಂಟು", "ಎಂತ" ಕೇಳಿ ಕೇಳಿ ದಣಿದಿದ್ದ ಭರಮಪ್ಪನಿಗೆ ಆ ಮಾತು ಕಿವಿಗೆ ತುಪ್ಪ ಸುರಿದ ಹಾಗಾಯಿತು. "ನಮ್ದು ರೋಣದ ಕಡಿ. ನಿಂದು?"

"ಬದಾಮಿ ಕಡಿ ರೀ. ಪರಸಪ್ಪ ಅಂತ ನನ್ನ ಹೆಸರು. ಹತ್ತ ವರ್ಷಾತು ಇಲ್ಲಿ ದುಡ್ಯಾಕ ಬಂದು. ಕಾಕಾಗ ಇನ್ನೊಂದ ಚಾ ಕೊಡಪಾ, ರೊಕ್ಕ ನಂದು" ಎಂದ ಅವನು. ಆಮೇಲೆ ದನಿ ಇಳಿಸಿ ಕೇಳಿದ. "ಶೆಟ್ಟಿಗಾರನ ಹತ್ರ ಹೋಗಿದ್ರೇನು? ಆ ಬೆಳ್ಳಿ ಬಣ್ಣದ್ದು ತೋರಿಸಿದ್ನಾ?"

"ಹೌದಪಾ. ಯಾಕ?"

"ನಾ ಏನೂ ಹೇಳೂದಿಲ್ರಿ. ನನಗ್ಯಾಕ ಬೇಕು ಊರ ಉಸಾಬರಿ" ಎಂದು ಪರಸಪ್ಪ ಬೀಡಿಯನ್ನು ನೆಲಕ್ಕೆ ಒತ್ತಿದ. ಭರಮಪ್ಪ ಅವನ ತೋಳು ಹಿಡಿದುಕೊಂಡು ಒತ್ತಾಯಿಸಿದ ಮೇಲೆ ಬಾಯಿ ಬಿಟ್ಟ. "ನೆರಿ ನೀರಾಗ ಮುಳುಗಿದ ಗಾಡಿ ಅದು. ತುಳುದಾಗ ಆ ಮೆಕ್ಯಾನಿಕ್‌ಗ ಏನಂದಾ ಗೊತ್ತೈತೇನು? 'ಘಟ್ಟದ ಮ್ಯಾಲಿಂದ ಕುರಿ ಬಂದೈತಿ, ಇವತ್ತ ಬೋಳಿಸಿ ಕಳಿಸೂಣು' ಅಂದಾ."

ಓದುವ ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ಶೆಟ್ಟಿಗಾರರು ಮಾತಾಡಿದ್ದು ರಸ್ತೆಯ ಆ ಬದಿಯಲ್ಲಿ. ಪರಸಪ್ಪ ಕೂತಿದ್ದದ್ದು ಈ ಬದಿಯಲ್ಲಿ. ನಡುವೆ ಲಾರಿಗಳು ಭರ್ರೆಂದು ಓಡುವ ಹೆದ್ದಾರಿ. ಅಲ್ಲಿನ ಮಾತು ಇವನಿಗೆ ಕೇಳಿಸಿದ್ದು ಹೇಗೆ? ಹಾಲಿನ ಪಾತ್ರೆ ಇಣುಕಿ ನೋಡುವ ಭರಮಪ್ಪ ಈ ಒಂದು ಪ್ರಶ್ನೆ ಕೇಳಲಿಲ್ಲ.

ಇನ್ನೂ ದೊಡ್ಡ ಸೋಜಿಗ ಕೇಳಿ. ಇಂಥ ಒಬ್ಬನನ್ನು ಭರಮಪ್ಪನೇ ಸಂತೆಯಲ್ಲಿ ಸಾಕಿದ್ದ. ಆ ಮನುಷ್ಯನ ಕೆಲಸವೆಂದರೆ ಬೇರೆಯವರ ಎತ್ತು ನೋಡುತ್ತಿರುವ ಗಿರಾಕಿಯ ಪಕ್ಕಕ್ಕೆ ಹೋಗಿ, "ಆ ಎತ್ತು ಬ್ಯಾಡ್ರಿ, ಅದು ಹಾಯ್ತೈತಿ" ಎಂದು ಪಿಸುಗುಟ್ಟಿ, ಭರಮಪ್ಪನ ಎತ್ತಿನ ಕಡೆ ಕರೆತರುವುದು. ಊರವನಂತೆ, ಆಪ್ತನಂತೆ ಮಾತಾಡಬೇಕು ಎಂದು ಭರಮಪ್ಪನೇ ಅವನಿಗೆ ಪಾಠ ಹೇಳಿದ್ದ. ಆ ಪಾಠವನ್ನೇ ಈಗ ಇನ್ನೊಬ್ಬ ಒಪ್ಪಿಸುತ್ತಿದ್ದರೂ ಗುರುವಿಗೆ ಗುರುತು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ? ಪರಸಪ್ಪ ಹೇಳಿದ್ದು ಅವನ ಮನಸ್ಸಿನಲ್ಲಿ ಆಗಲೇ ಇದ್ದ ಮಾತು. ತನ್ನ ಅನುಮಾನವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅವನಿಗೆ ಅದು ಸಾಕ್ಷಿಯಂತೆ ಕಂಡಿತು.

"ನನಗ ಮೊದಲ ಗೊತ್ತಾತು ನೋಡು!" ಎಂದು ತೊಡೆ ತಟ್ಟಿದ. "ನನ್ನ ಕಣ್ಣಿಗೆ ಮಣ್ಣು ಎರಚಾಕ ಬಂದಾರ ಇವ್ರು!"

"ನಿಮ್ಮಂಥಾ ಶಾಣ್ಯಾಗ ಎಲ್ಲಿ ಮೋಸ ಮಾಡ್ತಾರ್ರೀ ಕಾಕಾ. ಬರ್ರಿ, ನಂಗ ಗೊತ್ತಿದ್ದ ಒಂದು ಜಾಗ ಐತಿ. ನನಗೇನೂ ಬ್ಯಾಡ. ನಮ್ಮ ಕಡ್ಯಾವ್ರು ಪರಊರಾಗ ಮುಳುಗಬಾರದು, ಅಷ್ಟ."

ಪರಸಪ್ಪ ಆಟೋ ಹತ್ತಿಸಿ ಊರಾಚೆಯ ಒಂದು ಕಾಂಪೌಂಡಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಊರ ಸುದ್ದಿ, ಜೋಳದ ರೊಟ್ಟಿ, ಕೆಂಪು ಚಟ್ನಿ ಇವೇ ಮಾತು. ಟವೆಲ್ಲಿನಲ್ಲಿ ಕೈ ಕೊಡದ ಶೆಟ್ಟಿಗಾರನ ಕಥೆಯನ್ನೂ ಭರಮಪ್ಪ ಹೇಳಿ ನಕ್ಕ. ಕಾಂಪೌಂಡಿನ ಮಾಲೀಕ ಒಬ್ಬ ದಪ್ಪ ಮನುಷ್ಯ, ಮಾತು ಕಡಿಮೆ. ಪರಸಪ್ಪ ಮೊದಲು ಒಬ್ಬನೇ ಒಳಗೆ ಹೋಗಿ ಅವನ ಹತ್ತಿರ ಎರಡು ನಿಮಿಷ ಮಾತಾಡಿ ಬಂದ.

ಅಲ್ಲಿ ಒಂದು ಕೆಂಪು ಕಾರು ನಿಂತಿತ್ತು. ಮುಖ ಕಾಣುವಷ್ಟು ಹೊಳಪು. ಹೊಸ ಸೀಟು ಕವರು, ಹೊಸ ಮ್ಯಾಟು, ಒಳಗೆ ಮಲ್ಲಿಗೆಯ ಸೆಂಟಿನ ಘಮ. ಎಣ್ಣೆ ಸವರಿದ ಕೊಂಬು ಎಷ್ಟು ಹೊಳೆಯುತ್ತದೆ ಎಂದು ಬಲ್ಲವನು ಭರಮಪ್ಪ. ಅವನ ಕೈ ತಾನಾಗಿಯೇ ಕಾಲಡಿಯ ಮ್ಯಾಟಿನ ತುದಿಗೆ ಹೋಯಿತು.

ಪರಸಪ್ಪನ ಮುಖ ಬಾಡಿತು. "ಕಾಕಾ, ನನ್ನ ಮ್ಯಾಲೂ ಅನುಮಾನ ಏನ್ರೀ? ಹಂಗಿದ್ರ ಬಿಡ್ರಿ, ಹೋಗೂಣು."

ಭರಮಪ್ಪ ಮ್ಯಾಟು ಬಿಟ್ಟುಬಿಟ್ಟ. ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾದದ್ದು ಅವನ ಜೀವನದಲ್ಲಿ ಅದೇ ಮೊದಲು. ಅದೂ ಎಂಥ ಹೊತ್ತಿನಲ್ಲಿ ನೋಡಿ!

ಟವೆಲ್ ಹೊದೆಸಿ ಕೈ ಚಾಚಿದ. ದಪ್ಪ ಮನುಷ್ಯ ಒಂದು ಮಾತೂ ಆಡದೆ ಟವೆಲ್ಲಿನೊಳಗೆ ಕೈ ಇಟ್ಟ. ಇವನು ಬೆರಳು ಹಿಡಿದ, ಅವನು ತಲೆ ಅಲ್ಲಾಡಿಸಿದ. ಇವನು ಇನ್ನೊಂದು ಬೆರಳು ಹಿಡಿದ, ಅವನು ನಿಟ್ಟುಸಿರು ಬಿಟ್ಟು ಒಪ್ಪಿದ. ಶೆಟ್ಟಿಗಾರರ ಚೀಟಿಗಿಂತ ಎಷ್ಟೋ ಕಡಿಮೆಗೆ ವ್ಯಾಪಾರ ಮುಗಿಯಿತು. ಭರಮಪ್ಪನ ಎದೆ ಉಬ್ಬಿತು. ಬರುವಾಗ ಶೆಟ್ಟಿಗಾರರ ಅಂಗಡಿಯ ಮುಂದೆ ಬೇಕೆಂದೇ ಹಾರ್ನ್ ಹೊಡೆದುಕೊಂಡು ಬಂದ.

ಊರಿನಲ್ಲಿ ಕಾರಿಗೆ ಪೂಜೆ ಆಯಿತು. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಹಾಯಿಸಿದರು. ನೀಲವ್ವ ಮೊದಲ ಸಲ ಒಳಗೆ ಕೂತು ಮೂಗು ಏರಿಸಿದಳು. "ರೀ, ಸೆಂಟಿನ ಕೆಳಗ ಒಂಥರಾ ಹಸಿ ಮಣ್ಣಿನ ವಾಸನಿ ಬರ್ತೈತಲ್ರೀ?"

"ನಿನಗ ಎಲ್ಲಾದ್ರಾಗೂ ಅನುಮಾನ" ಎಂದ ಭರಮಪ್ಪ.

ಒಂದು ತಿಂಗಳು ಕಾರು ಚೆನ್ನಾಗಿಯೇ ಓಡಿತು. ನೀಲವ್ವ ಕಾಲು ಚಾಚಿ ಕೂತು ಆಸ್ಪತ್ರೆಗೆ ಹೋಗಿ ಬಂದಳು. ಒಂದು ಮಂಗಳವಾರ ಆಸ್ಪತ್ರೆಯ ಯಂತ್ರ ಕೆಟ್ಟು, "ಶುಕ್ರವಾರ ತಪ್ಪದ ಬರ್ರಿ" ಎಂದು ಕಳಿಸಿದರು. ಗುರುವಾರದ ಹೊತ್ತಿಗೆ ಅವಳ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಶುಕ್ರವಾರ ಬೆಳಿಗ್ಗೆ ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ಇಬ್ಬರೂ ಬೇಗನೆ ಹೊರಟರು.

ಅರ್ಧ ದಾರಿ. ಎರಡೂ ಬದಿಗೆ ಕೊಯ್ಲು ಮುಗಿದ ಎರೆಹೊಲ, ಒಂದು ಗಿಡದ ನೆರಳೂ ಇಲ್ಲ. ಅಲ್ಲಿ ಕಾರಿನ ದೀಪಗಳೆಲ್ಲ ಒಮ್ಮೆಲೇ ಮಿನುಗಿ ಆರಿಹೋದವು. ಇಂಜಿನ್ ನಿಂತಿತು. ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದೂ ಇಲ್ಲ. ಕಿಟಕಿಯ ಗಾಜು ಇಳಿಯಲಿಲ್ಲ. ಬಾಗಿಲು ತೆರೆದಿಟ್ಟು ನೀಲವ್ವನನ್ನು ಹೊರಗೆ ರಸ್ತೆಯಂಚಿನ ಕಲ್ಲಿನ ಮೇಲೆ ಕೂರಿಸಿದ. ಪರಸಪ್ಪನಿಗೆ ಫೋನು ಮಾಡಿದ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ಇಂಪಾಗಿ ಹೇಳಿತು.

ಬಸ್ಸು ಬರಲಿಲ್ಲ. ಬಿಸಿಲು ಏರಿತು. ನೀಲವ್ವನ ತುಟಿ ಕಪ್ಪಾಗತೊಡಗಿತು. ಭರಮಪ್ಪ ಟವೆಲ್ಲಿನಿಂದ ಅವಳಿಗೆ ಗಾಳಿ ಹಾಕಿದ.

ಆಗ ಈರುಳ್ಳಿ ಚೀಲ ಹೇರಿದ ಒಂದು ಸಣ್ಣ ಗೂಡ್ಸ್ ಗಾಡಿ ಬಂದು ತಾನಾಗಿಯೇ ನಿಂತಿತು. ಕೆಂಪು ರುಮಾಲಿನ ಡ್ರೈವರು ಇಣುಕಿ ಕೇಳಿದ. "ಏನಾತ್ರೀ? ಅಕ್ಕಾರಿಗೆ ಆರಾಮಿಲ್ಲೇನು? ಹತ್ರಿ, ಪಟ್ನಕ್ಕ ಹೊಂಟೀನಿ, ದವಾಖಾನಿಗೆ ಬಿಡ್ತೀನಿ."

ಇಷ್ಟಾದ ಮೇಲೂ ಭರಮಪ್ಪನ ಬಾಯಿಂದ ಬಂದದ್ದು ಏನು ಗೊತ್ತೇ? "ನೀ ಯಾವ ಊರವ? ನಾವು ಕೈ ಮಾಡ್ಲಿಲ್ಲ, ಯಾಕ ನಿಲ್ಲಿಸಿದಿ? ನಿನಗ ಯಾರು ಹೇಳಿ ಕಳಿಸಿದ್ರು?" ಒಮ್ಮೆ ಮೋಸ ಹೋದವನ ಅನುಮಾನ ದುಪ್ಪಟ್ಟಾಗಿತ್ತು. ಡ್ರೈವರು ತಬ್ಬಿಬ್ಬಾಗಿ ನೋಡಿದ.

ನೀಲವ್ವ ಕಲ್ಲಿಗೆ ಕೈ ಊರಿಕೊಂಡು ಎದ್ದಳು. ಗಾಡಿಯ ಹತ್ತಿರ ಹೋಗಿ ಹಿಂದಿನ ಚೀಲಗಳನ್ನು ನೋಡಿದಳು. "ಎಲ್ಲಿಗಪಾ ಇವು?" ಎಂದು ಕೇಳಿದಳು. "ಮಾರ್ಕೆಟ್‌ಗ ರೀ ಅಕ್ಕಾರ" ಎಂದು ಅವನು ಎದುರಿಗಿದ್ದ ಮಾಲಿನ ಚೀಟಿ ಎತ್ತಿ ತೋರಿಸಿದ. ಅವಳು ಅದರ ಮೇಲೊಮ್ಮೆ ಕಣ್ಣಾಡಿಸಿದಳು. ಆಮೇಲೆ ಗಂಡನ ಕಡೆ ತಿರುಗದೆ ಬಾಗಿಲು ತೆಗೆದು ಹತ್ತಿ ಕೂತಳು.

"ನೀವು ಬರೂದಿದ್ರ ಬರ್ರಿ. ಇಲ್ಲಾಂದ್ರ ಅನುಮಾನ ಪಡಕೋಂತ ಇಲ್ಲೇ ಕುಂದರ್ರಿ. ನನಗ ಅಷ್ಟು ಹೊತ್ತಿಲ್ಲ."

ಭರಮಪ್ಪ ಓಡಿ ಹೋಗಿ ಹಿಂದೆ ಚೀಲಗಳ ಮೇಲೆ ಹತ್ತಿದ.

ಡ್ರೈವರು ಮಾರ್ಕೆಟ್ಟಿನ ಕಡೆ ತಿರುಗದೆ ನೇರವಾಗಿ ಆಸ್ಪತ್ರೆಯ ಬಾಗಿಲಿಗೇ ಗಾಡಿ ತಂದು ನಿಲ್ಲಿಸಿದ. ಭರಮಪ್ಪ ಜೇಬಿಗೆ ಕೈ ಹಾಕುವಷ್ಟರಲ್ಲಿ, "ಇರ್ಲಿ ಬಿಡ್ರಿ, ಮೊದಲ ಅಕ್ಕಾರನ್ನ ಒಳಗ ಒಯ್ರಿ" ಎಂದು ಹೊರಟುಹೋದ. ಹೆಸರು ಕೂಡ ಕೇಳಲಾಗಲಿಲ್ಲ. ನರ್ಸು ನೀಲವ್ವನನ್ನು ನೋಡಿದವಳೇ ಮಂಚಕ್ಕೆ ಕರೆದೊಯ್ದಳು. "ಇನ್ನೊಂದ್ ತಾಸು ತಡ ಆಗಿದ್ರ ನಮ್ಮ ಕೈಯಾಗ ಇರ್ತಿರ್ಲಿಲ್ಲ ರೀ ಯಜಮಾನ್ರ" ಎಂದು ಭರಮಪ್ಪನನ್ನು ಗದರಿದಳು.

ನೀಲವ್ವ ಯಂತ್ರದ ಮುಂದೆ ಮಲಗಿದ್ದಾಗ ಅವನು ಒಬ್ಬ ಮೆಕ್ಯಾನಿಕ್ಕನನ್ನು ಕರೆದುಕೊಂಡು ಕಾರಿನ ಹತ್ತಿರ ಹೋದ. ಮೆಕ್ಯಾನಿಕ್ ಬಾನೆಟ್ ಕೂಡ ತೆಗೆಯಲಿಲ್ಲ. ಬಗ್ಗಿ ಕಾಲಡಿಯ ಮ್ಯಾಟು ಎತ್ತಿದ. ಕೆಳಗೆ ಬೆರಳು ದಪ್ಪ ಕೆಸರು ಒಣಗಿ ಕೂತಿತ್ತು. ಅದರಲ್ಲಿ ಒಂದು ಸಣ್ಣ ಕಪ್ಪೆಚಿಪ್ಪು.

"ನದಿ ನೀರು ಸೀಟಿನ ಮಟ್ಟ ಬಂದಿತ್ತು ಇದಕ್ಕ. ವಾಯರ್ ಎಲ್ಲಾ ಒಳಗೊಳಗ ಕೊಳತಾವು" ಎಂದ ಅವನು. "ತಗೊಳ್ಳುವಾಗ ಈ ಮ್ಯಾಟ್ ಎತ್ತಿ ನೋಡ್ಲಿಲ್ಲೇನ್ರಿ? ಅರ್ಧ ನಿಮಿಷದ ಕೆಲಸ."

ಭರಮಪ್ಪ ರಸ್ತೆಯ ಬದಿಗೆ ಕೂತು ಅತ್ತುಬಿಟ್ಟ. ಹೋದ ದುಡ್ಡಿಗೆ ಅಳಲಿಲ್ಲ. ಕಲ್ಲಿನ ಮೇಲೆ ಕೂತು ಉಸಿರಿಗೆ ಬಾಯಿ ಬಿಡುತ್ತಿದ್ದ ನೀಲವ್ವನ ಮುಖ ಕಣ್ಣೆದುರು ಬಂದು ಅತ್ತ.

ಸಂಜೆ ಆಸ್ಪತ್ರೆಗೆ ಮರಳಿದಾಗ ನೀಲವ್ವ ಎದ್ದು ಕೂತಿದ್ದಳು. ತುಟಿಯ ಬಣ್ಣ ಮರಳಿತ್ತು. ಅವನು ಮಂಗಳೂರಿನಲ್ಲಿ ಆದದ್ದನ್ನೆಲ್ಲ ಒಂದೂ ಮುಚ್ಚದೆ ಹೇಳಿದ. ಕೊನೆಗೆ ತಲೆ ತಗ್ಗಿಸಿ ಕೇಳಿದ.

"ನೀಲಾ, ಆ ಉಳ್ಳಾಗಡ್ಡಿ ಗಾಡಿಯವನ ಮ್ಯಾಲ ನಿನಗ ಅನುಮಾನ ಬರ್ಲಿಲ್ಲೇನು?"

"ಬಾರದ ಏನು? ಗುರ್ತಿಲ್ಲದವ, ಕರೀದ ನಿಂತಾನ. ಬಂತು" ಎಂದಳು ನೀಲವ್ವ. "ಅದಕ್ಕ ಚೀಲ ನೋಡಿದೆ. ಎಲ್ಲಿಗೆ ಅಂತ ಕೇಳಿದೆ. ಚೀಟಿ ನೋಡಿದೆ. ಅನುಮಾನ ತೀರ್ತು, ಹತ್ತಿದೆ. ನೀವು ಮಂಗಳೂರಾಗ ಎಲ್ಲಾರ ಮುಖ ನೋಡಿದ್ರಿ. ಗಾಡಿ ಒಂದು ನೋಡ್ಲಿಲ್ಲ."

ಭರ್ತಿ ಮೂವತ್ತು ವರ್ಷ ಸಂತೆಯಲ್ಲಿ ಮಾತು ಮಾರಿದವನು ಎದ್ದು ಅವಳ ಕೈ ಹಿಡಿದು ಮಂಚದಿಂದ ಇಳಿಸಿದ.

ನೀತಿ: ಅನುಮಾನ ಪಡುವುದು ತಪ್ಪಲ್ಲ, ಅನುಮಾನ ಪಟ್ಟು ಪರೀಕ್ಷಿಸದೆ ಕೂರುವುದು ತಪ್ಪು. ಸಂಶಯ ಬಂದರೆ ಕಣ್ಣಾರೆ ನೋಡಿ, ಬಾಯಿಬಿಟ್ಟು ಕೇಳಿ, ತೀರಿಸಿಕೊಳ್ಳಿ. ಯಾರನ್ನೂ ನಂಬದವನು ಕೊನೆಗೆ ತನ್ನ ಅನುಮಾನಕ್ಕೆ ಹೌದೆಂದವನನ್ನು ನಂಬಿ ಕೆಡುತ್ತಾನೆ.